ಲಿಫ್ಟಣ್ಣನ ದವಡೆ

ಸೇಬು ತಂದದ್ದು ತಪ್ಪಾಯಿತೆಂದು ಅವನಿಗೆ ಹೊಳೆದದ್ದು ಅರ್ಧ ಮೆಟ್ಟಿಲು ಹತ್ತಿದ ಮೇಲೆ. ದವಡೆ ಮುರಿದು, ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಸೇರಿಸಿ ತಂತಿ ಬಿಗಿಸಿಕೊಂಡು ಮಲಗಿರುವ ಮನುಷ್ಯನ ಮನೆಗೆ ಯಾರಾದರೂ ಸೇಬು ಹಿಡಿದುಕೊಂಡು ಹೋಗುತ್ತಾರೆಯೇ? ಅದೂ ಅಂಗಡಿಯಲ್ಲಿ ನಿಂತು ಒಂದೊಂದನ್ನೇ ಒತ್ತಿ ನೋಡಿ, ಗಟ್ಟಿಯಾದದ್ದನ್ನೇ ಆರಿಸಿ ತಂದ ಸೇಬು. ಅಂಗಡಿಯವನು ಚೀಲ ಕೊಡುವಾಗ ಗುರುತು ಹಿಡಿದಿದ್ದ. 'ನೀವು ಅವರೇ ಅಲ್ವಾ?' ಎಂದು ಕೇಳಿ ಉತ್ತರಕ್ಕೂ ಕಾಯದೆ, 'ಅಲ್ಲಾ ಸಾರ್, ನೇರ ಬಂದ ಬಾಲನ್ನ ನೇರ ಹೊಡೆಯೋದು ಬಿಟ್ಟು ಎಲ್ಲಾನೂ ಎಡಕ್ಕೇ ಯಾಕೆ ತಿರುಗಿಸ್ತೀರಿ? ನಮ್ಮ ಮನೇಲಿ ನನ್ನ ಹೆಂಡ್ತಿ ಕೂಡ ಕೇಳಿದ್ಲು' ಎಂದಿದ್ದ. ಅವನು ನಕ್ಕು ಬಂದಿದ್ದ. ಈಗೀಗ ಎಲ್ಲದಕ್ಕೂ ನಗುವುದು ಅಭ್ಯಾಸವಾಗಿತ್ತು. ಗೋಡೆಗೆ ಒರಗಿ ನಿಂತು ಚೀಲದೊಳಗೆ ಇಣುಕಿದ. ಇಲ್ಲೇ ಮೂಲೆಯಲ್ಲಿ ಇಟ್ಟುಹೋದರೆ? ಯಾರಾದರೂ ಕಂಡರೆ? ಮೇಲಿನಿಂದ ಯಾರೋ ಇಳಿದು ಬಂದಂತಾಗಿ, ಕಳ್ಳನ ಹಾಗೆ ಚೀಲವನ್ನು ಎದೆಗೆ ಅವಚಿಕೊಂಡ. ಯಾರೂ ಬರಲಿಲ್ಲ. ಲಿಫ್ಟ್ ರಿಪೇರಿ ಮಾಡುವವನ ಮನೆಯಿದ್ದ ಈ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಬೇರೆ ದಿನವಾಗಿದ್ದರೆ ಈ ಮಾತನ್ನು ಡ್ರೆಸ್ಸಿಂಗ್ ರೂಮಿಗೆ ಒಯ್ದು ಎಲ್ಲರನ್ನೂ ನಗಿಸಬಹುದಿತ್ತು.

ನಗು. ಅದರಿಂದಲೇ ಎಲ್ಲ ಶುರುವಾದದ್ದು. ಅವನ ತಂಡದ ಬೆಳಗಿನ ಅಭ್ಯಾಸಕ್ಕೆ ಬೌಲರ್‌ಗಳು ಕಡಿಮೆ ಬಿದ್ದಾಗ ಊರಿನ ಕ್ಲಬ್ಬುಗಳಿಂದ ನಾಲ್ಕಾರು ಜನ ಬಂದು ನೆಟ್ಸ್‌ನಲ್ಲಿ ಚೆಂಡೆಸೆದು ಹೋಗುವುದಿತ್ತು. ಅವರಲ್ಲಿ ಒಬ್ಬ, ಲಿಫ್ಟ್ ಕಂಪನಿಯ ಮೆಕ್ಯಾನಿಕ್, ಮೂವತ್ತು ದಾಟಿದವನು, ಎಡಗೈ ಸ್ಪಿನ್ನರ್. ಕಂಪನಿಯ ನೀಲಿ ಪ್ಯಾಂಟಿನಲ್ಲೇ ಬಂದು, ಬೌಲ್ ಮಾಡಿ, ಹಾಗೇ ಕೆಲಸಕ್ಕೆ ಹೋಗುತ್ತಿದ್ದ. ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಆ ದಿನ ಈ ಹುಡುಗ ಬ್ಯಾಟ್ ಹಿಡಿದು ನಿಂತಾಗ ಲಿಫ್ಟಣ್ಣನ ಚೆಂಡೊಂದು ಗಾಳಿಯಲ್ಲಿ ತಡೆದು ನಿಂತಂತೆ ಮಾಡಿ, ಬಿದ್ದು, ಬ್ಯಾಟಿಗೂ ಪ್ಯಾಡಿಗೂ ನಡುವೆ ನುಸುಳಿ ಮಧ್ಯದ ವಿಕೆಟ್ ಕಡ್ಡಿಯನ್ನು ಕಿತ್ತುಹಾಕಿತು. ಲಿಫ್ಟಣ್ಣನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಎರಡೂ ಕೈ ಎತ್ತಿ 'ಹೋ' ಎಂದು ಕೂಗಿ, ಬಾಯಿ ತುಂಬ ನಕ್ಕುಬಿಟ್ಟ. ಆಚೆ ನಿಂತಿದ್ದ ಕೋಚ್, 'ಲಿಫ್ಟಣ್ಣಾ, ನಮ್ಮ ಮರೀನ ಮೇಲಕ್ಕೆ ಕಳಿಸ್ತೀಯೋ, ಕೆಳಕ್ಕೆ ಇಳಿಸ್ತೀಯೋ?' ಎಂದದ್ದೇ ತಡ, ತಂಡಕ್ಕೆ ತಂಡವೇ ಬಿದ್ದು ಬಿದ್ದು ನಕ್ಕಿತು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನಾದ್ದರಿಂದ ಅವನು ಅವರಿಗೆಲ್ಲ ಮರಿ. ಅವನೂ ನಕ್ಕ. ಮುಂದಿನ ಚೆಂಡಿಗೆ ಕ್ರೀಸು ಬಿಟ್ಟು ಮುಂದೆ ಬಂದ. ಎಲ್ಲರ ಕಣ್ಣಿಗೆ ಕಂಡದ್ದು ಇಷ್ಟೇ: ಹುಡುಗ ಮುಂದೆ ಬಂದ, ನೇರ ಹೊಡೆದ, ಚೆಂಡು ಬೌಲರನ ಮುಖಕ್ಕೆ ಬಡಿಯಿತು. ಛೆ, ಪಾಪ, ಆಟದಲ್ಲಿ ಇಂಥದ್ದೆಲ್ಲ ಇದ್ದದ್ದೇ. ಅವನೊಬ್ಬನಿಗೆ ಮಾತ್ರ ಗೊತ್ತಿತ್ತು. ಚೆಂಡು ಬ್ಯಾಟಿಗೆ ಬರುವ ಮುಂಚಿನ ಆ ಕ್ಷಣಾರ್ಧದಲ್ಲಿ, ಫೀಲ್ಡರ್‌ಗಳ ನಡುವಿನ ಸಂದನ್ನು ಹುಡುಕುವ ಅಭ್ಯಾಸದ ಕಣ್ಣಿನಿಂದಲೇ, ಅವನು ಇನ್ನೂ ನಗು ಮಾಸದಿದ್ದ ಆ ಮುಖವನ್ನು ನೋಡಿದ್ದ. ನೋಡಿ ಹೊಡೆದಿದ್ದ.

ಬಾಗಿಲು ತೆರೆದವಳು ಒಬ್ಬ ಮುದುಕಿ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಸ್ತ್ರಿ ಮಾಡಿದ ಅಂಗಿಯನ್ನೂ ಮಿರುಗುವ ಬೂಟನ್ನೂ ಗಮನಿಸಿ, ತಾನೇ ಒಂದು ತೀರ್ಮಾನಕ್ಕೆ ಬಂದಳು.

'ಕಂಪನಿಯಿಂದ ಬಂದ್ರಾ? ಬನ್ನಿ ಸಾಹೇಬ್ರೇ, ಬನ್ನಿ. ನನ್ನ ಮಗನಿಗೆ ಇನ್ನೂ ಬಾಯಿ ಬಿಡೋಕೇ ಆಗಲ್ಲ. ರಜಾ ಇನ್ನೊಂದು ತಿಂಗಳು ಮುಂದಕ್ಕೆ ಹಾಕ್ಸಿ, ಪುಣ್ಯ ಬರುತ್ತೆ.'

'ಅಲ್ಲಮ್ಮ, ನಾನು—'

'ಕಿವಿ ಕೇಳಿಸಲ್ಲಪ್ಪ ನನಗೆ. ಆಗುತ್ತೆ ತಾನೆ?'

ದೇಶದ ಪರವಾಗಿ ಆಡುವವನು ತಾನು, ತನ್ನ ಚಿತ್ರ ಹೋದ ವಾರವಷ್ಟೇ ಪತ್ರಿಕೆಯಲ್ಲಿ ಬಂದಿದೆ ಎಂದು ಕಿವುಡಿಗೆ ಕೂಗಿ ಹೇಳುವುದು ಹೇಗೆ? ಅವನು 'ಆಗುತ್ತೆ' ಎಂದು ತಲೆಯಾಡಿಸಿದ. ಮುದುಕಿಯ ಮುಖ ಅರಳಿತು. ಕೈಯಲ್ಲಿದ್ದ ಚೀಲ ತಾನಾಗಿ ಅವಳ ಕೈಗೆ ಹೋಯಿತು.

ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಮನೆ. ಕಿಟಕಿಯ ಬಳಿಯ ಮಂಚದ ಮೇಲೆ, ಬೆನ್ನಿಗೆ ದಿಂಬುಗಳನ್ನು ಒಟ್ಟಿಕೊಂಡು ಲಿಫ್ಟಣ್ಣ ಕೂತಿದ್ದ. ಗಡ್ಡ ಅಡ್ಡಾದಿಡ್ಡಿ ಬೆಳೆದು, ಅದರಡಿ ಎಡಗಲ್ಲ ಇನ್ನೂ ಹಳದಿಗಟ್ಟಿ ಊದಿತ್ತು. ಇಷ್ಟು ಚಿಕ್ಕವನಾಗಿದ್ದನೇ ಇವನು? ಚೆಂಡು ಹಿಡಿದು ಓಡಿ ಬರುವಾಗ ಎಷ್ಟು ಎತ್ತರ ಕಾಣುತ್ತಿದ್ದ! ಅವನನ್ನು ಕಂಡು ಲಿಫ್ಟಣ್ಣನ ಕಣ್ಣು ಅಗಲವಾಯಿತು. ಬಿಗಿದ ಹಲ್ಲುಗಳ ಹಿಂದಿನಿಂದ ಏನೋ ಹೇಳಿದ. ಮುಚ್ಚಿದ ಡಬ್ಬಿಯೊಳಗೆ ಯಾರೋ ಮಾತಾಡಿದ ಹಾಗಿತ್ತು, ಒಂದಕ್ಷರ ತಿಳಿಯಲಿಲ್ಲ.

'ಕೂತ್ಕೋ ಅಂತಿದ್ದಾರೆ' ಎನ್ನುತ್ತ ಲಿಫ್ಟಣ್ಣನ ಹೆಂಡತಿ ಅಡುಗೆಮನೆಯಿಂದ ಬಂದಳು. ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಅವಳಿಗೆ. ಸಮವಸ್ತ್ರ ಹಾಕಿಕೊಂಡು ಹೊರಡುವುದರಲ್ಲಿದ್ದಳು. 'ದಿನಾ ಗಾಜಿನ ಆಚೆಯಿಂದ ಗೊಣಗೋರ ಮಾತು ಕೇಳ್ತೀನಲ್ಲ, ಅದಕ್ಕೇ ನನಗೊಬ್ಬಳಿಗೆ ಇವರ ಮಾತು ತಿಳಿಯೋದು. ನೀವು ಬಂದದ್ದು ದೊಡ್ಡ ವಿಷಯ. ತಂಡದವರು ಹೂ ಕಳಿಸಿದ್ರು, ಆದ್ರೆ ಮನುಷ್ಯರು ಅಂತ ಬಂದದ್ದು ನೀವೇ ಮೊದಲು.' ಅವಳ ದನಿಯಲ್ಲಿ ನಿಜವಾದ ಕೃತಜ್ಞತೆಯಿತ್ತು.

ಎರಡು ಮಾತಾಡಿ ಎದ್ದುಬಿಡಬೇಕೆಂದು ಬಂದಿದ್ದ. ಆದರೆ ಅವಳು ಗಡಿಯಾರ ನೋಡಿದಳು, ಬಾಗಿಲು ನೋಡಿದಳು, ಅವನನ್ನು ನೋಡಿದಳು. 'ಪಕ್ಕದ ಮನೆಯವರು ದಿನಾ ಬಂದು ಕೂತಿರ್ತಿದ್ರು. ಇವತ್ತು ಊರಿಗೆ ಹೋಗಿಬಿಟ್ಟಿದ್ದಾರೆ. ಅತ್ತೆಗೆ ಕಿವಿ ಕೇಳಿಸಲ್ಲ, ಇವರು ಕೆಮ್ಮಿದ್ರೂ ಗೊತ್ತಾಗಲ್ಲ. ನಾನು ರಜಾ ಹೇಳಿ, ಕೌಂಟರು ಬೇರೆಯವರಿಗೆ ಒಪ್ಪಿಸಿ ಬೇಗ ಬಂದುಬಿಡ್ತೀನಿ, ಅಲ್ಲೀತನಕ ಇರ್ತೀರಾ?' ಅವನು ಹೂಂ ಎಂದ. ಅವಳು ಮೇಜಿನ ಮೇಲೆ ಹಾಲಿನ ಲೋಟ, ಅದಕ್ಕೊಂದು ಕೊಳವೆ ಇಟ್ಟು, ಮಂಚದ ತಲೆಗೆ ದಾರದಲ್ಲಿ ಕಟ್ಟಿ ತೂಗುಬಿಟ್ಟಿದ್ದ ಒಂದು ಕಟಿಂಗ್ ಪ್ಲೈಯರನ್ನು ತೋರಿಸಿದಳು. 'ಅಕಸ್ಮಾತ್ ವಾಂತಿ ಬಂದ್ರೆ, ಇಲ್ಲಾ ಉಸಿರು ಕಟ್ಟಿದ್ರೆ, ಇದರಿಂದ ಹಲ್ಲಿನ ತಂತಿ ಕತ್ತರಿಸಿಬಿಡಬೇಕು. ಯೋಚನೆ ಮಾಡ್ತಾ ಕೂತ್ಕೋಬೇಡಿ. ಇವರದ್ದೇ ಪ್ಲೈಯರು, ಕೆಲಸದ್ದು. ಹರಿತವಾಗಿದೆ.' ಇಷ್ಟು ಹೇಳಿ, ಚೀಲ ಹೆಗಲಿಗೇರಿಸಿ, ಮೆಟ್ಟಿಲು ಇಳಿದು ಹೋದಳು.

ಉಳಿದವರು ಇಬ್ಬರು, ಮತ್ತೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಏನು ಮಾತಾಡುವುದು? ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯುವುದಿಲ್ಲ. ಕಿಟಕಿಯಿಂದಾಚೆ ಎದುರು ಮನೆಯ ಗೋಡೆ, ಒಣಗಲು ಹಾಕಿದ ಟವೆಲು. ಮೊದಲ ಪಂದ್ಯದಲ್ಲಿ ಎಪ್ಪತ್ತು ಹೊಡೆದ ಮರುದಿನ ಅಪ್ಪನ ಸಲೂನಿನ ಕನ್ನಡಿಗೆ ಯಾರೋ ಅವನ ಚಿತ್ರ ಅಂಟಿಸಿದ್ದರು. 'ನಾಡಿನ ಭರವಸೆ' ಎಂದು ದಪ್ಪಕ್ಷರದಲ್ಲಿತ್ತು. ಕ್ಷೌರಕ್ಕೆ ಕೂತವರಿಗೆಲ್ಲ ತಮ್ಮ ಮುಖದ ಪಕ್ಕದಲ್ಲಿ ಅವನ ಮುಖ. ಭರವಸೆ ಎಂದರೆ ಮಾತು ಕೊಟ್ಟ ಹಾಗೆ. ಆದರೆ ತಾನು ಯಾರಿಗೆ, ಯಾವಾಗ ಮಾತು ಕೊಟ್ಟೆ ಎಂದು ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಿರಲಿಲ್ಲ. ಆಮೇಲಿನ ಪಂದ್ಯದಲ್ಲಿ ಇಪ್ಪತ್ತು, ಅದರಾಚೆಯದರಲ್ಲಿ ಹನ್ನೊಂದು. ಪತ್ರಿಕೆಯವರು ಭರವಸೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅಂಥ ದಿನಗಳಲ್ಲೇ ಲಿಫ್ಟಣ್ಣ ನಕ್ಕದ್ದು. ದವಡೆ ಮುರಿದ ಮೇಲೆ ಆಡಿದ ಪಂದ್ಯದಲ್ಲಿ ಎರಡು ಸಲವೂ ಎಲ್‌ಬಿಡಬ್ಲ್ಯು, ನೇರ ಬಂದ ಚೆಂಡನ್ನು ಎಡಕ್ಕೆ ತಿರುಗಿಸಲು ಹೋಗಿ. ನೇರ ಹೊಡೆಯಲು ಬ್ಯಾಟು ಎತ್ತಿದರೆ ಸಾಕು, ಎದುರಿಗಿದ್ದ ಬೌಲರನ ಮುಖ ದೊಡ್ಡದಾಗುತ್ತ ಬಂದು, ಕೈ ತಾನಾಗಿ ಎಡಕ್ಕೆ ತಿರುಗಿಕೊಳ್ಳುತ್ತಿತ್ತು. ಮುಂದಿನ ಪ್ರವಾಸಕ್ಕೆ ತಂಡ ಹೊರಡಲು ಮೂರು ದಿನ ಉಳಿದಿತ್ತು. 'ಇದೊಂದು ಪ್ರವಾಸ, ಮರಿ. ಆಮೇಲೆ ನನ್ನ ಕೈಲೂ ಏನೂ ಇರಲ್ಲ' ಎಂದಿದ್ದ ಕೋಚ್.

ಮುದುಕಿ ತಟ್ಟೆಯೊಂದರಲ್ಲಿ ಸೇಬುಗಳನ್ನು ತೊಳೆದು ಜೋಡಿಸಿಕೊಂಡು ಬಂದು, ಮಗನ ಮುಂದೆ ಇಟ್ಟು, ಅವನ ಬಾಯಿಯ ತಂತಿಯನ್ನೂ ಮರೆತು, 'ಸಾಹೇಬ್ರು ತಂದದ್ದು, ತಿನ್ನು' ಎಂದುಬಿಟ್ಟಳು. ಹಾಲು ಹೀರುತ್ತಿದ್ದ ಲಿಫ್ಟಣ್ಣ ಸೇಬು ನೋಡಿದ. ಅವನನ್ನು ನೋಡಿದ. ಮತ್ತೆ ಸೇಬು ನೋಡಿದ. ಹೆಗಲು ಕುಲುಕತೊಡಗಿತು. ತೆರೆಯಲಾಗದ ಬಾಯಿಯ ನಗು ಮೂಗಿನಲ್ಲಿ ಬಂತು, ಅದರ ಜೊತೆ ಹಾಲೂ ಬಂತು, ಮರುಕ್ಷಣ ಕೆಮ್ಮು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಬಿಗಿದ ಹಲ್ಲಿನ ಸಂದಿನಲ್ಲಿ ಹಾಲಿನ ನೊರೆ. ಅವನು ಪ್ಲೈಯರ್ ಕಿತ್ತುಕೊಂಡ. ದಾರ ಎಲ್ಲಿ ಹರಿಯಿತೋ ಗೊತ್ತಿಲ್ಲ. ಎಡಗೈಯಲ್ಲಿ ಲಿಫ್ಟಣ್ಣನ ತುಟಿ ಬಿಡಿಸಿದ. ಒಳಗೆ ತಂತಿಗಳು, ಒಂದರ ಪಕ್ಕ ಒಂದು, ಸಣ್ಣ ಸಣ್ಣ ಗಂಟು. ಎಲ್ಲಿಂದ ಶುರುಮಾಡಬೇಕು? 'ಮೃದುವಾದ ಕೈ' ಎಂದು ಕ್ರಿಕೆಟ್ ಪಂಡಿತರು ಹೊಗಳಿದ್ದ ಕೈಗೆ ಒಂದು ಗಂಟೂ ಸಿಗಲಿಲ್ಲ. ಲಿಫ್ಟಣ್ಣ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಮುಂದಕ್ಕೆ ಬಾಗಿ, ಹಲ್ಲಿನ ಸಂದಿನಿಂದ ಹಾಲನ್ನು ಹೊರಗೆ ಬಿಟ್ಟ. ಮೂಗಿನಿಂದ ಒಂದು ಉಸಿರು ಎಳೆದುಕೊಂಡ. ಇನ್ನೊಂದು. ಬೇಡ ಎಂಬಂತೆ ತಲೆಯಾಡಿಸಿದ. ಮುದುಕಿ ಇದೇನನ್ನೂ ಕೇಳಿಸಿಕೊಳ್ಳದೆ ಒಳಗೆ ಹೋಗಿದ್ದಳು. ಇಬ್ಬರೂ ಹಾಗೇ, ಒಬ್ಬರ ಕೈ ಒಬ್ಬರು ಹಿಡಿದು, ಓಡಿ ಬಂದವರ ಹಾಗೆ ಏದುಸಿರು ಬಿಡುತ್ತ ಕೂತರು.

'ಅದು ಬೇಕಂತಲೇ ಹೊಡೆದದ್ದು ಲಿಫ್ಟಣ್ಣ' ಎಂದ ಅವನು. ಹೇಳಬೇಕೆಂದು ಹೇಳಿದ್ದಲ್ಲ; ಉಸಿರಿನ ಜೊತೆ ಬಂದುಬಿಟ್ಟಿತು. 'ಎಲ್ಲರೂ ಅಕಸ್ಮಾತ್ ಅಂದ್ರು, ನಾನೂ ಸುಮ್ಮನಿದ್ದೆ. ಅಕಸ್ಮಾತ್ ಅಲ್ಲ. ನೀನು ನಕ್ಕದ್ದಕ್ಕೆ ಸಿಟ್ಟು ಬಂದಿತ್ತು. ನಿನ್ನ ಮುಖ ನೋಡೇ ಹೊಡೆದೆ.'

ಲಿಫ್ಟಣ್ಣ ಮಣಿಕಟ್ಟು ಬಿಟ್ಟ. ಮೂಗನ್ನೂ ಗಡ್ಡವನ್ನೂ ಒರೆಸಿಕೊಂಡು ಏನೋ ಹೇಳಿದ. ತಿಳಿಯಲಿಲ್ಲ. ಇನ್ನೊಮ್ಮೆ, ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದ. ಅವನು ಮುಖದ ಹತ್ತಿರ ಕಿವಿ ಇಟ್ಟು ಕೇಳಿದ. ಇಲ್ಲ. ಬೈದನೇ? ಸಮಾಧಾನ ಹೇಳಿದನೇ? ಎದ್ದು ಹೋಗು ಎಂದನೇ? ತನ್ನ ಜನ್ಮದಲ್ಲಿ ಇಷ್ಟು ಆಸೆಯಿಂದ ಯಾರ ಮಾತಿಗೂ ಕಿವಿಗೊಟ್ಟಿರಲಿಲ್ಲ.

ಹೆಂಡತಿ ಬಂದಾಗ ಲಿಫ್ಟಣ್ಣ ಕೈಸನ್ನೆ ಮಾಡಿ ಅವಳನ್ನು ಹತ್ತಿರ ಕರೆದ. ಯಾವುದೋ ಭರದಲ್ಲಿದ್ದ, ಏನು ಹೇಳುತ್ತಿದ್ದೇನೆ, ಯಾರ ಬಾಯಿಂದ ಹೇಳಿಸುತ್ತಿದ್ದೇನೆ ಎಂಬುದು ಅವನಿಗೂ ಹೊಳೆಯಲಿಲ್ಲವೇನೋ. ಅವಳು ಚೀಲ ಇಳಿಸುತ್ತಲೇ, ಕೌಂಟರಿನಲ್ಲಿ ಊರಿನ ಹೆಸರು ತಿರುಗಿ ಹೇಳುವವಳ ಹಾಗೆ, ಅರ್ಥದ ಕಡೆ ಗಮನವಿಲ್ಲದೆ ಹೇಳತೊಡಗಿದಳು.

'ನನಗೆ ಆವಾಗಲೇ ಗೊತ್ತಿತ್ತು ಅಂತಿದ್ದಾರೆ. ನೀನು ನನ್ನ ಮುಖ ನೋಡಿದ್ದನ್ನ ನಾನೂ ನೋಡಿದೆ... ಆದ್ರೆ ಬೇಕಂತ ಹೊಡೆದೆ ಅಂತ ನೀನಾಗೇ ಬಂದು...'

ಅವಳ ಮಾತು ಅಲ್ಲಿಗೆ ನಿಂತಿತು. ಚೀಲ ಅರ್ಧಕ್ಕೆ ಹೆಗಲಿಂದ ಜಾರಿ ಮೊಣಕೈಯಲ್ಲಿ ತೂಗುತ್ತಿತ್ತು.

'ಬೇಕಂತ ಹೊಡೆದೆಯಾ?' ಎಂದಳು. ಅಷ್ಟೊತ್ತೂ ಇದ್ದ ಬಹುವಚನ ಬಿದ್ದುಹೋಗಿತ್ತು.

'ಹೌದಕ್ಕಾ.'

ಕೂಗಾಡುತ್ತಾಳೆಂದುಕೊಂಡ. ಕೂಗಾಡಲಿಲ್ಲ. 'ಇವರ ಹಲ್ಲು ನಾನು ದಿನಾ ಹತ್ತಿಯಿಂದ ಒರೆಸ್ತೀನಿ' ಎಂದಳು, ತೀರ ಮೆಲ್ಲಗೆ. 'ಆಸ್ಪತ್ರೆಯಿಂದ ಬಂದ ಮೊದಲನೇ ವಾರ, ನಿದ್ದೇಲಿ ಉಸಿರು ನಿಂತುಹೋದ್ರೆ ಅಂತ ಇವರ ಮೂಗಿನ ಕೆಳಗೆ ಬೆರಳಿಟ್ಕೊಂಡೇ ಮಲಗ್ತಿದ್ದೆ. ಆಟದಲ್ಲಿ ಆದದ್ದು, ಯಾರನ್ನ ಬೈಯೋದು ಅಂತ ಸುಮ್ಮನಿದ್ದೆ. ಯಾರನ್ನೂ ಬೈಯೋಕಾಗದೆ ನನ್ನನ್ನೇ ಬೈಕೊಂಡಿದ್ದೀನಿ, ಅವತ್ತು ಬೆಳಗ್ಗೆ ಎಬ್ಬಿಸಿ ಕಳಿಸಿದವಳು ನಾನೇ ಅಂತ.' ಅವಳು ತಟ್ಟೆಯಲ್ಲಿದ್ದ ಸೇಬುಗಳನ್ನು ನೋಡಿದಳು. ಒಂದೊಂದಾಗಿ ಚೀಲಕ್ಕೆ ಹಾಕಿ ಅವನ ಕೈಗೆ ಕೊಟ್ಟಳು. 'ಹೋಗು.'

ಮಂಚದಿಂದ ಲಿಫ್ಟಣ್ಣ ಏನೋ ಹೇಳಿದ. 'ಅದನ್ನ ನಾನು ಹೇಳಲ್ಲ' ಎಂದಳು ಅವಳು, ಗಂಡನ ಕಡೆ ತಿರುಗದೆ. 'ತಂತಿ ಬಿಚ್ಚಿದ ಮೇಲೆ ನೀವೇ ಹೇಳ್ಕೊಳ್ಳಿ.'

ಮೆಟ್ಟಿಲಿಳಿಯುವಾಗ ಮೈ ಹಗುರಾಗಬೇಕಿತ್ತು. ತಪ್ಪು ಒಪ್ಪಿಕೊಂಡವರಿಗೆ ಹಗುರಾಗುತ್ತದೆಂದು ಎಲ್ಲೆಲ್ಲೋ ಓದಿದ್ದ. ಆಗಲಿಲ್ಲ, ಇದುವರೆಗೆ ತಾನೊಬ್ಬನೇ ಹೊತ್ತಿದ್ದನ್ನು ಇನ್ನೊಬ್ಬರ ಹೆಗಲಿಗೂ ಹಾಕಿ ಬಂದೆನೆನಿಸಿತು. ಆ ಹೆಂಗಸಿಗೆ ಇಷ್ಟು ದಿನ ಅಕಸ್ಮಾತ್ ಎಂಬ ಒಂದು ಆಸರೆಯಿತ್ತು, ಅದನ್ನೂ ಕಿತ್ತುಕೊಂಡೆ. ಕೆಳಗಿನ ತಿರುವಿಗೆ ಬಂದಾಗ ಮೇಲಿನಿಂದ ಕಂಬಿಯಾಚೆ ಅವಳ ತಲೆ ಕಂಡಿತು.

'ನಾಳೆ ಮಧ್ಯಾಹ್ನ ನನಗೆ ಡ್ಯೂಟಿ ತಪ್ಪಿಸೋಕಾಗಲ್ಲ. ಪಕ್ಕದ ಮನೆಯವರು ಈ ವಾರ ಬರಲ್ಲ.'

ಅವನು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತ ನಿಂತ.

'ಕೇಳಿಸ್ತಾ ಇಲ್ವಾ?'

'ಕೇಳಿಸ್ತಕ್ಕಾ.'

ಬಾಗಿಲು ಮುಚ್ಚಿಕೊಂಡಿತು.

ಮರುದಿನ ಅಭ್ಯಾಸ ಮುಗಿಸಿ, ಉಳಿದವರು ಊಟಕ್ಕೆ ಕೂತಾಗ ಅವನು ಅಲ್ಲಿಗೆ ಹೋದ. ಅವಳು ಮುಖ ಕೊಟ್ಟು ಮಾತಾಡಲಿಲ್ಲ. ಬೇಯಿಸಿದ ತರಕಾರಿ ಎಲ್ಲಿದೆ, ಮಿಕ್ಸಿಯಲ್ಲಿ ಎಷ್ಟು ಹೊತ್ತು ತಿರುಗಿಸಬೇಕು, ಯಾವ ಜರಡಿಯಲ್ಲಿ ಸೋಸಬೇಕು ಎಂದು ಪಾತ್ರೆಗಳಿಗೆ ಹೇಳುವವಳ ಹಾಗೆ ಹೇಳಿದಳು. ಹೊರಡುವಾಗ ಒಂದು ಲೋಟ ನೀರು ತಂದು ಅವನ ಮುಂದೆ ಕುಕ್ಕಿದಳು. 'ನಿನ್ನೆ ನಾನು ಹೇಳದೇ ಬಿಟ್ಟದ್ದು ಇಷ್ಟೇ. ಹುಡುಗ ಅಷ್ಟು ಮೆಟ್ಟಿಲು ಹತ್ತಿ ಬಂದಿದ್ದಾನೆ, ನೀರಾದರೂ ಕೊಟ್ಟು ಕಳಿಸು ಅಂದ್ರು. ನನಗೆ ನಿನ್ನೆ ಕೊಡೋ ಮನಸ್ಸಿರಲಿಲ್ಲ.' ಅವನು ನಿಂತೇ ಅಷ್ಟೂ ನೀರನ್ನು ಕುಡಿದ. ಲೋಟವನ್ನು ತಾನೇ ತೊಳೆದು ಬೋರಲು ಹಾಕಿದ.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಲಿಫ್ಟಣ್ಣನ ಮುಖದ ಮೇಲೆ ಬೀಳುತ್ತಿತ್ತು. ಅವನು ಒಂದೇ ಸಮನೆ ಗಡ್ಡ ತುರಿಸಿಕೊಳ್ಳುತ್ತಿದ್ದ. ಊದಿಕೊಂಡ ಕಡೆ ಮುಟ್ಟಲಾಗದೆ ಸುತ್ತಮುತ್ತ ಕೆರೆಯುತ್ತಿದ್ದ. ಸಲೂನಿನಲ್ಲಿ ಬೆಳೆದವನಿಗೆ ಅದನ್ನು ನೋಡುತ್ತ ಕೂರುವುದು ಕಷ್ಟ. 'ತೆಗೀಲಾ ಲಿಫ್ಟಣ್ಣ? ನಮ್ಮಪ್ಪನ ಅಂಗಡೀಲಿ ಕಲಿತಿದ್ದೀನಿ' ಎಂದ. ಲಿಫ್ಟಣ್ಣ ಅನುಮಾನದಿಂದ ಅವನ ಕೈಗಳನ್ನು ನೋಡಿದ. ನಿನ್ನೆ ಪ್ಲೈಯರ್ ಹಿಡಿದು ತಡಕಾಡಿದ ಕೈಗಳು. ಆಮೇಲೆ, ಆಗಲಿ ಎಂಬಂತೆ ಕಣ್ಣು ಮುಚ್ಚಿ ಕತ್ತು ಮೇಲೆತ್ತಿದ.

ಟವೆಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡು, ಆಮೇಲೆ ಲಿಫ್ಟಣ್ಣನ ಮುಖದ ಮೇಲೆ ಹೊದಿಸಿದ. ಸೋಪಿನ ನೊರೆ ಎಬ್ಬಿಸಿದ. ಅಪ್ಪ ಗಿರಾಕಿಯ ಮುಖ ಮುಟ್ಟುವ ಮುಂಚೆ ಯಾವಾಗಲೂ ಹೇಳುತ್ತಿದ್ದ: ಈಗ ಕಿವಿ ಹತ್ತಿರ ಬರ್ತೀನಿ, ಈಗ ಗಲ್ಲ, ಈಗ ಕತ್ತು. ಚಿಕ್ಕವನಿದ್ದಾಗ ಅವನಿಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಕನ್ನಡಿಯಲ್ಲಿ ಎಲ್ಲ ಕಾಣುತ್ತಲ್ಲಪ್ಪ, ಯಾಕೆ ಹೇಳ್ತೀಯ ಎಂದು ಕೇಳಿದ್ದ. ಕಣ್ಣು ಮುಚ್ಕೊಂಡಿರ್ತಾರಲ್ಲೋ, ಎಂದಿದ್ದ ಅಪ್ಪ. ಈಗ ಅವನ ಬಾಯಿಂದಲೂ ಅದೇ ಬರತೊಡಗಿತು. 'ಈಗ ಬಲಗಡೆ ಕೆನ್ನೆ ಲಿಫ್ಟಣ್ಣ. ಈಗ ಮೂಗಿನ ಕೆಳಗೆ. ಈಗ ಎಡಗಡೆ, ಊದಿರೋ ಕಡೆ, ಮೆಲ್ಲಗೆ ಬರ್ತೀನಿ, ನೋವಾದ್ರೆ ಕಾಲು ಅಲ್ಲಾಡಿಸು.' ಬೇರೆಯವರಾದರೆ ಕೆನ್ನೆ ಉಬ್ಬಿಸಿ, ತುಟಿ ಸೊಟ್ಟ ಮಾಡಿ ಅನುಕೂಲ ಮಾಡಿಕೊಡುತ್ತಾರೆ. ಈ ಮುಖಕ್ಕೆ ಅದೂ ಸಾಧ್ಯವಿರಲಿಲ್ಲ. ಹೆಬ್ಬೆರಳಿಂದ ಚರ್ಮವನ್ನು ಒಂದಿಷ್ಟೇ ಎಳೆದು, ಕೂದಲು ಮಲಗಿದ ದಿಕ್ಕಿಗೇ ರೇಜರ್ ಓಡಿಸಿದ. ಎಡ ದವಡೆಯ ತುದಿಯಲ್ಲಿ, ಚರ್ಮದಡಿ, ಮೂಳೆ ಕೂಡಿಕೊಳ್ಳುತ್ತಿದ್ದ ಜಾಗ ಬೆರಳಿಗೆ ಸಿಕ್ಕಿತು. ಕಾಳಿನಷ್ಟು ಸಣ್ಣ ಗಂಟು. ಇದು ತನ್ನದೇ ಎಂದುಕೊಂಡ. ಇವನ ಮುಖದಲ್ಲಿ ಇನ್ನು ಮೇಲೆ ಯಾವತ್ತಿಗೂ ತನ್ನದೊಂದು ಇರುತ್ತದೆ. ಅಲ್ಲಿ ಅವನ ಬೆರಳು ಕೆಲಸಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತು. ಲಿಫ್ಟಣ್ಣ ಕಾಲು ಅಲ್ಲಾಡಿಸಲಿಲ್ಲ.

ಮುದುಕಿ ಬಂದವಳು ಬಾಗಿಲಲ್ಲೇ ನಿಂತು ಬೆರಗಾದಳು. 'ಅಯ್ಯೋ, ಕಂಪನಿಯವರು ಇದನ್ನೂ ಮಾಡ್ತಾರಾ! ಒಳ್ಳೇ ಕಂಪನಿ ಬಿಡಪ್ಪ!' ಲಿಫ್ಟಣ್ಣನ ಹೆಗಲು ಮತ್ತೆ ಕುಲುಕತೊಡಗಿತು. 'ನಗಬೇಡ, ನಗಬೇಡ, ಕೈಯಲ್ಲಿ ಬ್ಲೇಡಿದೆ' ಎಂದು ಅವನು ಕೂಗಿ, ತಾನೇ ನಗು ತಡೆಯಲಾರದೆ ರೇಜರನ್ನು ದೂರ ಹಿಡಿದು ಕೂತ.

ಸಂಜೆ ಅವಳು ಬಂದಳು. ಗಂಡನ ಮುಖ ನೋಡಿ, ದೀಪ ಹಾಕಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಎಷ್ಟೋ ದಿನದಿಂದ ಗಡ್ಡದಡಿ ಹೂತುಹೋಗಿದ್ದ ಮುಖ, ಒಂದು ಕಡೆ ಸ್ವಲ್ಪ ಸೊಟ್ಟಗಾಗಿ, ನುಣ್ಣಗೆ, ಪರೀಕ್ಷೆಗೆ ಹೊರಟ ಹುಡುಗನ ಮುಖದ ಹಾಗೆ ಎದುರಿಗಿತ್ತು. ಹತ್ತಿರ ಹೋಗಿ ಅಂಗೈಯನ್ನು ಆ ಕೆನ್ನೆಯ ಮೇಲಿಟ್ಟಳು. ಅವನು ಬೇಗ ಬೇಗ ರೇಜರ್ ತೊಳೆಯಲು ಅಡುಗೆಮನೆಗೆ ಹೋದ. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದ. ಅವನು ಹೊರಡುವಾಗ ಅವಳು, 'ನಿನಗೆ ಊಟ ಆಯ್ತಾ?' ಎಂದು ಕೇಳಿದಳು. ಏಕವಚನ ಅದೇ, ನಿನ್ನೆಯದೇ. ಆದರೆ ಅದು ಈಗ ಅಕ್ಕಂದಿರ ಏಕವಚನದ ಹಾಗಿತ್ತೋ, ಅಥವಾ ಅವನ ಆಸೆಯೋ. ಮೆಟ್ಟಿಲುದ್ದಕ್ಕೂ ಅದನ್ನೇ ನಾಲಿಗೆಯ ಮೇಲೆ ಇಟ್ಟುಕೊಂಡು ಇಳಿದ.

ಕೊನೆಯ ದಿನದ ಅಭ್ಯಾಸದಲ್ಲಿ ಒಂದು ಚೆಂಡು ಕಾಲಬುಡಕ್ಕೆ ಬಂತು, ನೇರ. ಎಡಕ್ಕೆ ತಿರುಗಿಸುವುದಕ್ಕೆ ಕೈ ಸಿದ್ಧವಾಗಿತ್ತು, ಆದರೆ ಯಾವ ಮಾಯದಲ್ಲೋ ಬ್ಯಾಟು ನೇರ ಹೋಯಿತು. ಬೌಲರನ ಮುಖ ದೊಡ್ಡದಾಗುತ್ತ ಬಂದದ್ದು ನಿಜ. ಇವತ್ತು ಅವನು ಅದನ್ನು ನೋಡಿಯೇ ಅದರ ಪಕ್ಕಕ್ಕೆ ಹೊಡೆದ. ಹೊಡೆಯುತ್ತಲೇ ಬಾಯಿಂದ 'ನೋಡ್ಕೋ, ನೋಡ್ಕೋ!' ಎಂಬ ಕೂಗು ಹೊರಟಿತು. ಚೆಂಡು ಬೌಲರನನ್ನು ದಾಟಿ ಬಲೆಗೆ ಬಡಿದು ಕೆಳಗೆ ಬಿದ್ದ ಮೇಲೂ ಅವನು ಕೂಗುತ್ತಲೇ ಇದ್ದ. 'ಬೌಲರ್‌ಗೆ ಎಚ್ಚರಿಕೆ ಕೊಟ್ಟು ಆಡೋ ಬ್ಯಾಟ್ಸ್‌ಮನ್ನ ಇವತ್ತೇ ನೋಡ್ತಿರೋದು!' ಎಂದ ಕೋಚ್. ಎಲ್ಲರೂ ನಕ್ಕರು. ನಗಲಿ. ಮುಂದಿನ ನೇರ ಚೆಂಡನ್ನು ಮತ್ತೆ ಎಡಕ್ಕೇ ತಿರುಗಿಸಿದ. ಅದರ ಮುಂದಿನದನ್ನೂ. ನಾಲ್ಕನೆಯದು ನೇರ ಹೋಯಿತು. 'ಬರ್ತಿದೆ' ಎಂದಷ್ಟೇ ಹೇಳಿ ಕೋಚ್ ಆಚೆ ನಡೆದ. 'ಸಂಜೆ ಬಸ್ಸು ಯಾರಿಗೂ ಕಾಯಲ್ಲ, ನೆನಪಿರಲಿ.'

ಸಾಮಾನು ಕಟ್ಟಿಟ್ಟು, ಒಂದು ಗಳಿಗೆ ಹೇಳಿ ಬರೋಣವೆಂದು ಲಿಫ್ಟಣ್ಣನ ಮನೆಗೆ ಹೋದ. ಬೆಳಗಿನಿಂದ ಕಾವಲಿಗೆ ಕೂತಿದ್ದ ಕೆಳಗಿನ ಮನೆಯ ಹುಡುಗಿ ಅವನನ್ನು ಕಂಡು ಎದ್ದು ಹೋದಳು. ಅವನು ಸೋಸಿದ ತರಕಾರಿ ರಸವನ್ನು ಲಿಫ್ಟಣ್ಣನಿಗೆ ಕುಡಿಸಿದ, ಹತ್ತಿಯಿಂದ ತಂತಿಗಳ ಸಂದನ್ನು ಒರೆಸಿದ. 'ಇವತ್ತು ಎರಡು ನೇರ ಹೋಯ್ತು ಲಿಫ್ಟಣ್ಣ' ಎಂದ. ಲಿಫ್ಟಣ್ಣ ಎಡಗೈ ಬೆರಳುಗಳನ್ನು ಇಲ್ಲದ ಚೆಂಡಿನ ಸುತ್ತ ಮಡಚಿ, ಗಾಳಿಯಲ್ಲಿ ತಿರುಗಿಸಿ, ಅವನ ಎದೆಗೆ ಬೆರಳು ತೋರಿಸಿದ. ಮತ್ತೆ ಬೌಲ್ಡ್ ಮಾಡ್ತೀನಿ ಎಂದು. 'ಮಾಡು' ಎಂದ ಅವನು. 'ಆಗ ನಾನು ಮೊದಲು ನಗ್ತೀನಿ.'

ಅಷ್ಟರಲ್ಲಿ ಅವಳು ಬಂದಳು. ಬೆಳಗಿನ ಪಾಳಿ, ಅದರ ಮೇಲೆ ಇನ್ಯಾರದೋ ಪಾಳಿಯ ಅರ್ಧ. ಬಾಗಿಲು ಮುಚ್ಚಿ, ಪಕ್ಕದಲ್ಲಿದ್ದ ಕುರ್ಚಿಯನ್ನು ಎಳೆದು ಅದಕ್ಕೇ ಆನಿಸಿಕೊಂಡು, ಚೀಲವನ್ನೂ ತೆಗೆಯದೆ ಕೂತಳು. 'ಐದು ನಿಮಿಷ ಕಣೋ, ಆಮೇಲೆ ನೀನು ಹೊರಡು, ತಿಂಡಿ ಕಟ್ಟಿಕೊಡ್ತೀನಿ' ಎನ್ನುತ್ತಿದ್ದವಳ ಮಾತು ಮಧ್ಯದಲ್ಲೇ ಕರಗಿತು. ತಲೆ ಬಾಗಿಲಿಗೆ ವಾಲಿತು, ಬಾಯಿ ಸ್ವಲ್ಪ ತೆರೆಯಿತು. ಅವಳು ಹಗಲಿನಲ್ಲಿ ಹೀಗೆ ಮಲಗಿದ್ದನ್ನು ಲಿಫ್ಟಣ್ಣನೂ ಈಚೆಗೆ ಕಂಡಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಇಷ್ಟು ದಿನವೂ ಈ ಮನೆಯಲ್ಲಿ ಒಂದು ಕಿವಿ ಎಚ್ಚರವಾಗಿರಲೇಬೇಕಿತ್ತು. ಇವತ್ತು ಆ ಕಿವಿ ತನ್ನ ಕೆಲಸವನ್ನು ಇನ್ನೊಂದು ಕಿವಿಗೆ ಒಪ್ಪಿಸಿ ಮಲಗಿಬಿಟ್ಟಿತ್ತು. ಒಪ್ಪಿಸಿದ್ದು ತನಗೆ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಹೊರಗೆ ಹೋಗಬೇಕಾದರೆ ಆ ಬಾಗಿಲೇ ತೆರೆಯಬೇಕು. ಬಾಗಿಲು ತೆರೆಯಬೇಕಾದರೆ ಅವಳನ್ನು ಎಬ್ಬಿಸಬೇಕು. ಜೇಬಿನಲ್ಲಿ ಫೋನು ಒಮ್ಮೆ ನಡುಗಿತು. ಮ್ಯಾನೇಜರು. ನಿಂತಿತು, ಮತ್ತೆ ನಡುಗಿತು. ಲಿಫ್ಟಣ್ಣ ಹುಬ್ಬು ಹಾರಿಸಿ ಬಾಗಿಲ ಕಡೆ ತೋರಿಸಿದ, ಎಬ್ಬಿಸು, ಹೋಗು ಎಂದು. ಅವನು ತಲೆಯಾಡಿಸಿದ. ಬಸ್ಸು ಹೋದರೆ ಹೋಗಲಿ, ವಿಮಾನ ನಿಲ್ದಾಣಕ್ಕೆ ತಾನೇ ಓ‍ಡಿ ಹೋದರಾಯಿತು, ಬೈಸಿಕೊಳ್ಳುವುದಿದ್ದರೆ ಬೈಸಿಕೊಂಡರಾಯಿತು. ಮಂಚದ ತುದಿಯಲ್ಲಿ ಮೆಲ್ಲಗೆ ಕೂತ, ಹಲಗೆ ಕಿರುಗುಟ್ಟದ ಹಾಗೆ. ಎದುರು ಗೋಡೆಯ ಬಿಸಿಲು ನಿಧಾನವಾಗಿ ಮೇಲೇರುತ್ತಿತ್ತು. ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಒಬ್ಬ ಹೆಂಗಸಿನ ನಿದ್ದೆಯನ್ನು ಕಾಯುತ್ತಿದ್ದಾಗ, ಅಡುಗೆಮನೆಯಿಂದ ಮುದುಕಿ ಹೊರಬಂದಳು. ಅವನನ್ನು ಕಂಡು, ಇಡೀ ಕಟ್ಟಡಕ್ಕೆ ಕೇಳಿಸುವ ಆ ದನಿ ತೆಗೆಯಲು ಬಾಯಿ ತೆರೆದಳು. ಇಬ್ಬರೂ ಒಟ್ಟಿಗೇ ತುಟಿಯ ಮೇಲೆ ಬೆರಳಿಟ್ಟರು. ಮುದುಕಿ ಸೊಸೆಯನ್ನು ನೋಡಿದಳು. ತೆರೆದ ಬಾಯನ್ನು ಹಾಗೇ ಮುಚ್ಚಿ, ಸೆರಗಿನಿಂದ ಕೈ ಒರೆಸಿಕೊಂಡು, ಬಂದು ಅವನ ಪಕ್ಕದಲ್ಲಿ ಕೂತಳು.